ಎಡಭುಜದ ಹಿಂದಿದ್ದ ಹಿಡಿ

ಹಳೆಯ ಬೈಕ್ ಓಡಿಸಿದವರಿಗೆ ಇದು ಗೊತ್ತು. ದಾರಿಯಲ್ಲಿ ಎಂಜಿನ್ ಜಗ್ಗತೊಡಗಿದರೆ ಎಡಗೈ ತಾನಾಗಿಯೇ ಮೊಣಕಾಲ ಬಳಿ ಇಳಿದು ಪೆಟ್ರೋಲ್ ಕಾಕನ್ನು ರಿಸರ್ವ್‌ಗೆ ತಿರುಗಿಸುತ್ತದೆ. ಕಣ್ಣು ರಸ್ತೆ ಬಿಟ್ಟು ಅಲ್ಲಾಡುವುದಿಲ್ಲ. ಆ ಕಾಕ್ ಬೆನ್ನ ಹಿಂದಿದ್ದರೆ?

ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಪ್ರಾಣ ಬಿಟ್ಟದ್ದು ಹೀಗೆ. 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ಹಾಡಿದ ಆ ಮನುಷ್ಯನಿಗೆ ಆಗ 53 ವರ್ಷ. 2,700 ಗಂಟೆಗೂ ಹೆಚ್ಚು ಹಾರಿದ ಪೈಲಟ್. ಆದರೆ ಕೈಗೆ ಬಂದಿದ್ದ ಲಾಂಗ್-ಈಜಿ ವಿಮಾನ ಅವರಿಗೆ ಹೊಸದು; ಹಿಂದಿನ ದಿನವಷ್ಟೇ ಅದರಲ್ಲಿ ಚಿಕ್ಕದೊಂದು ಪರಿಚಯದ ಹಾರಾಟ ನಡೆದಿತ್ತು.

ಲಾಂಗ್-ಈಜಿ ಕಾರ್ಖಾನೆಯಿಂದ ಬರುತ್ತಿರಲಿಲ್ಲ. ಬರ್ಟ್ ರುಟಾನ್ ಬರೆದ ನಕ್ಷೆ ತರಿಸಿಕೊಂಡು, ಫೋಮ್ ಮತ್ತು ಫೈಬರ್‌ಗ್ಲಾಸ್‌ನಲ್ಲಿ ಮನೆಯಲ್ಲೇ ಕಟ್ಟಿಕೊಳ್ಳಬೇಕಿತ್ತು. ಟ್ಯಾಂಕ್ ಬದಲಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ ಇರಬೇಕೆಂದು ನಕ್ಷೆ ಹೇಳುತ್ತದೆ. ಡೆನ್ವರ್ ವಿಮಾನವನ್ನು ಕಟ್ಟಿದವರು ಆ ಹಿಡಿಯನ್ನು ಎಡಭುಜದ ಹಿಂದಕ್ಕೆ ಸಾಗಿಸಿದ್ದರು. ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಎಂಬ ಗುರುತೂ ಅದರ ಮೇಲಿರಲಿಲ್ಲ. ಇಂಧನದ ಮಟ್ಟ ತೋರಿಸುವ ಗಾಜುಗಳೂ ಹಿಂದೆಯೇ. ಅವನ್ನು ನೋಡಿಕೊಳ್ಳಲೆಂದು ಮೆಕ್ಯಾನಿಕ್ ಒಬ್ಬರು ಡೆನ್ವರ್‌ಗೆ ಕನ್ನಡಿ ಕೊಟ್ಟರು. ಇಂಧನ ತುಂಬಿಸೋಣವೇ ಎಂದದ್ದಕ್ಕೆ, ಒಂದು ಗಂಟೆಯ ಹಾರಾಟವಷ್ಟೇ, ಬೇಡ ಎಂದರು ಡೆನ್ವರ್.

ಮೂರು ಸಲ ಗಾಲಿಯನ್ನು ರನ್‌ವೇಗೆ ಮುಟ್ಟಿಸಿ ಮೇಲೇರಿದರು. ಇಳಿಯುವುದರ ಅಭ್ಯಾಸ ಅದು. ಮೂರೂ ಸಲ ಸರಿಯಾಗಿಯೇ ಆಯಿತು. ಬಳಿಕ ಸಮುದ್ರದತ್ತ ಹೊರಟಾಗ, ಸಂಜೆ 5.28ರ ಸುಮಾರಿಗೆ, ಎಂಜಿನ್ ಸದ್ದು ಕುಗ್ಗಿದ್ದನ್ನು ದಡದಲ್ಲಿದ್ದವರು ಕೇಳಿದರು. ವಿಮಾನ ಕೆಲವು ನೂರು ಅಡಿ ಎತ್ತರದಿಂದ ಮೂತಿ ಕೆಳಗಾಗಿ ನೀರಿಗೆ ಬಿತ್ತು.

ತನಿಖೆಗೆ ಬಂದ ಅಧಿಕಾರಿಗಳು ಅಂಥದೇ ಸೀಟಿನಲ್ಲಿ ಕುಳಿತು ನೋಡಿದರು. ಟ್ಯಾಂಕ್ ಬದಲಿಸಲು ಆ ಹಿಡಿಗೆ ಕೈ ಹಾಕಬೇಕಾದರೆ ಇಡೀ ಮೈ ಹಿಂದಕ್ಕೆ ತಿರುಚಬೇಕು. ಮೈ ತಿರುಚಿದಾಗ ಬಲಗಾಲು ಆಸರೆ ಹುಡುಕಿ ಮುಂದಕ್ಕೆ ಚಾಚುತ್ತದೆ. ಅಲ್ಲಿರುವುದು ವಿಮಾನದ ಮೂತಿ ತಿರುಗಿಸುವ ಬಲಗಡೆಯ ರಡ್ಡರ್ ಪೆಡಲ್. ನನಗೆ ಎದೆ ಹಿಂಡುವುದು ಆ ಬಲಗಾಲು. ಬೀಳದಿರಲೆಂದು ಊರಿದ ಕಾಲೇ ವಿಮಾನವನ್ನು ಬೀಳಿಸಿತು.

ತನಿಖಾ ಮಂಡಳಿ ಪೈಲಟ್‌ನ ತಪ್ಪನ್ನು ಮರೆಮಾಚಲಿಲ್ಲ. ಇಂಧನ ತುಂಬಿಸದ್ದನ್ನೂ ಆ ವಿಮಾನದ ಅಭ್ಯಾಸ ಸಾಲದ್ದನ್ನೂ ಬರೆಯಿತು. ಹಿಡಿಯ ಜಾಗವನ್ನೂ ಕಾರಣಗಳಲ್ಲಿ ಸೇರಿಸಿತು. ಅದು ನ್ಯಾಯವಾದ ತೀರ್ಪು.

ಇನ್ನೊಬ್ಬರು ಕಟ್ಟಿದ ಯಂತ್ರ ಕೊಳ್ಳುವವರಲ್ಲಿ ಒಂದು ಕೋರಿಕೆ. ಸ್ಟಾರ್ಟ್ ಮಾಡುವ ಮೊದಲು ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿ, ಪ್ರತಿಯೊಂದು ಹಿಡಿಯನ್ನೂ ಮುಟ್ಟಿ ನೋಡಿ. ಕೈಗೆ ಸಿಗದ ಹಿಡಿ ಇದ್ದರೆ, ಅದನ್ನು ಸರಿಪಡಿಸುವ ತನಕ ಹೊರಡಬೇಡಿ.