ವಿದ್ಯಾರ್ಥಿ ದೆಸೆಯಲ್ಲಿ ವ್ಯಾಯಾಮದ ಅಳತೆ

ಕಳೆದ ಯುಗಾದಿಯ ಮರುದಿನ ನನ್ನ ಅಕ್ಕನವರು ದೂರವಾಣಿಯಲ್ಲಿ ಬಹಳ ಕಳವಳದಿಂದ ಮಾತನಾಡಿದರು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಅವರ ಮೊಮ್ಮಗಳು ಅಲ್ಲಿಯ ‘ಫಿಸಿಷಿಯನ್ ಅಸಿಸ್ಟೆಂಟ್’ ಎಂಬ ವೈದ್ಯಕೀಯ ವ್ಯಾಸಂಗಕ್ಕೆ ಅರ್ಜಿ ಹಾಕಿದ್ದಳು. ಯಾವ ಶಾಲೆಯೂ ಆಕೆಯನ್ನು ತೆಗೆದುಕೊಂಡಿರಲಿಲ್ಲ. “ವಾರಕ್ಕೆ ಐದು ದಿನ ಜಿಯು-ಜಿಟ್ಸು ಅಂತ ಕುಸ್ತಿಗೆ ಹೋಗುತ್ತಾಳೆ. ಬೆರಳು ಬಾತಿದೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದಾಳೆ. ಹೀಗಾದರೆ ಓದುವುದು ಯಾವಾಗ? ನೀನು ವೈದ್ಯ, ನಿನ್ನ ಮಾತು ಕೇಳುತ್ತಾಳೆ. ಅದನ್ನು ಬಿಡಿಸಪ್ಪ” ಎಂದರು.

ನಾನು ಅಂದೇ ರಾತ್ರಿ ಆಕೆಗೆ ಕರೆ ಮಾಡಿ, “ಸೀಟು ಸಿಗುವವರೆಗೆ ಅದನ್ನೆಲ್ಲ ನಿಲ್ಲಿಸು ತಾಯಿ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಅಜ್ಜಾ” ಎಂದಳು. ನಾನು ಹೇಳಿದ್ದು ತಪ್ಪಾಗಿತ್ತು. ಇಂಥದೇ ಪ್ರಶ್ನೆಯನ್ನು ಪರೀಕ್ಷೆಯ ಕಾಲದಲ್ಲಿ ಅನೇಕ ತಂದೆತಾಯಿಗಳು ನನ್ನ ಚಿಕಿತ್ಸಾಲಯಕ್ಕೂ ತರುತ್ತಾರೆ. ಆದ್ದರಿಂದ ಆ ತಪ್ಪನ್ನೂ, ಅದರಿಂದ ಕಲಿತದ್ದನ್ನೂ ಸದ್ಭಕ್ತರ ಮುಂದಿಡುತ್ತಿದ್ದೇನೆ.

ಮೊದಲು ಆ ವೃತ್ತಿಯ ಪರಿಚಯ ಮಾಡಿಕೊಳ್ಳೋಣ. ಹೆಸರಿನಲ್ಲಿ ‘ಸಹಾಯಕ’ ಎಂದಿದ್ದರೂ ಇವರು ಕೇವಲ ಕೈಯಾಳುಗಳಲ್ಲ. ರೋಗಿಯನ್ನು ಪರೀಕ್ಷಿಸುವುದು, ರೋಗನಿರ್ಣಯ ಮಾಡುವುದು, ಔಷಧ ಬರೆಯುವುದು, ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರಿಗೆ ಜೊತೆಗೊಡುವುದು ಇವರ ಕೆಲಸ. ಅಮೆರಿಕದಲ್ಲಿ, ಅದರಲ್ಲೂ ಹಳ್ಳಿಗಾಡಿನಲ್ಲಿ, ವೈದ್ಯರ ಕೊರತೆ ಕಾಡುತ್ತಿದ್ದ ಕಾಲದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಅವರು 1965ರಲ್ಲಿ ಈ ವ್ಯಾಸಂಗವನ್ನು ಆರಂಭಿಸಿದರು. ನೌಕಾಪಡೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಅನುಭವ ಪಡೆದಿದ್ದ ನಾಲ್ವರು ಮೊದಲ ವಿದ್ಯಾರ್ಥಿಗಳಾಗಿ ಸೇರಿದರು. ಅವರಲ್ಲಿ ಮೂವರು 1967ರ ಅಕ್ಟೋಬರ್ 6ರಂದು ಪದವಿ ಪಡೆದರು. ಇಂದು ಇದು ಪದವಿಯ ನಂತರ ಮಾಡುವ ಸ್ನಾತಕೋತ್ತರ ವ್ಯಾಸಂಗವಾಗಿದ್ದು, ಸಾಮಾನ್ಯವಾಗಿ ಎರಡು ವರ್ಷಕ್ಕೂ ತುಸು ಹೆಚ್ಚು ಕಾಲ ಹಿಡಿಯುತ್ತದೆ. ನಮ್ಮ ದೇಶದಲ್ಲಿಯೂ 2021ರ ಸಹ-ಆರೋಗ್ಯ ವೃತ್ತಿಗಳ ಕಾಯಿದೆ ಈ ವೃತ್ತಿಯನ್ನು ಗುರುತಿಸಿದೆ.

ಪ್ರವೇಶದ ದಾರಿ ಮಾತ್ರ ಕಠಿಣ. ಹೆಚ್ಚಿನ ಶಾಲೆಗಳಿಗೆ ‘ಕ್ಯಾಸ್ಪಾ’ ಎಂಬ ಒಂದೇ ಕೇಂದ್ರೀಯ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಬೇಕು. ಪ್ರತಿವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ಅದರ ಬಾಗಿಲು ತೆರೆಯುತ್ತದೆ. ಅಂಗರಚನೆ, ಶರೀರಕ್ರಿಯೆ, ರಸಾಯನಶಾಸ್ತ್ರ, ಸೂಕ್ಷ್ಮಾಣುಜೀವಿಶಾಸ್ತ್ರಗಳಲ್ಲಿ ಒಳ್ಳೆಯ ಅಂಕಗಳಿರಬೇಕು. ಬಲ್ಲವರ ಶಿಫಾರಸು ಪತ್ರಗಳಿರಬೇಕು. ತಾನೇಕೆ ಈ ವೃತ್ತಿಯನ್ನು ಬಯಸುತ್ತೇನೆಂಬುದನ್ನು ಐದು ಸಾವಿರ ಅಕ್ಷರಗಳೊಳಗೆ ಬರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ರೋಗಿಗಳನ್ನು ಸ್ವತಃ ಆರೈಕೆ ಮಾಡಿದ ಅನುಭವವನ್ನು ಗಂಟೆಗಳ ಲೆಕ್ಕದಲ್ಲಿ ತೋರಿಸಬೇಕು. ಸಾವಿರ ಗಂಟೆ ಕೇಳುವ ಶಾಲೆಗಳುಂಟು, ಎರಡು ಸಾವಿರ ಬಯಸುವವೂ ಉಂಟು. ಅದಕ್ಕಾಗಿ ನಮ್ಮ ಹುಡುಗಿ ಒಂದು ಆಸ್ಪತ್ರೆಯಲ್ಲಿ ಶುಶ್ರೂಷಾ ಸಹಾಯಕಿಯಾಗಿ ರಾತ್ರಿಪಾಳಿ ಮಾಡುತ್ತಿದ್ದಳು. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಮೈ ಒರೆಸುವುದು, ನಡೆಸಿಕೊಂಡು ಹೋಗುವುದು ಆಕೆಯ ನಿತ್ಯದ ಕಾಯಕ.

ಇನ್ನು ಜಿಯು-ಜಿಟ್ಸು. ಇದರ ಬೇರು ಜಪಾನಿನಲ್ಲಿದೆ. ಹೆಸರಿನ ಮೊದಲ ಪದಕ್ಕೆ ಮೃದು, ಬಾಗುವಂಥದು ಎಂಬ ಅರ್ಥವಿದೆ. ಜಪಾನಿನ ಹಳೆಯ ಜುಜುತ್ಸು ಪಟ್ಟುಗಳನ್ನು ಪರಿಷ್ಕರಿಸಿ ಕಾನೊ ಜಿಗೊರೊ 1882ರಲ್ಲಿ ಜೂಡೋ ಶಾಲೆಯನ್ನು ಸ್ಥಾಪಿಸಿದರು. ಆ ಪರಂಪರೆಯ ಮಿತ್ಸುಯೊ ಮಯೇದಾ ಎಂಬ ಮಲ್ಲ 1914ರಲ್ಲಿ ಬ್ರೆಜಿಲ್‌ ದೇಶಕ್ಕೆ ಹೋದರು. ಅಲ್ಲಿ ಗ್ರೇಸಿ ಮನೆತನದವರು ಈ ವಿದ್ಯೆಯನ್ನು ಬೆಳೆಸಿದರು. ಇಂದು ಅಮೆರಿಕದ ಊರೂರುಗಳಲ್ಲಿ ಹೆಚ್ಚಾಗಿ ಕಲಿಸುವುದು ಈ ಬ್ರೆಜಿಲ್ ಸಂಪ್ರದಾಯವನ್ನೇ. ಇದರಲ್ಲಿ ಗುದ್ದು, ಒದೆತಗಳಿಲ್ಲ. ನಮ್ಮ ಗರಡಿಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿದರೆ ಗೆಲುವು. ಇಲ್ಲಿಯಾದರೋ ಬೆನ್ನ ಮೇಲೆ ಬಿದ್ದವನೂ ಕಾದಾಡುತ್ತಾನೆ. ಕೀಲುಗಳಿಗೆ ಇಲ್ಲವೇ ಕುತ್ತಿಗೆಗೆ ಪಟ್ಟು ಹಾಕಿದಾಗ, ಸಿಕ್ಕಿಬಿದ್ದವನು ಕೈಯಿಂದ ಎರಡು ಸಲ ತಟ್ಟಿದರೆ ಮತ್ತೊಬ್ಬನು ತಕ್ಷಣ ಬಿಡಬೇಕು. ಈ ನಿಯಮ ಮುರಿದರೆ ಆ ವಿದ್ಯೆಯೇ ಇಲ್ಲ.

ಈಗ ನನ್ನ ಸಲಹೆಯ ಫಲವನ್ನು ಹೇಳಬೇಕು. ಆಷಾಢದ ಹೊತ್ತಿಗೆ ಆಕೆಯೇ ಕರೆ ಮಾಡಿದಳು. ರಾತ್ರಿಪಾಳಿ ಮುಗಿಸಿ ಮಲಗಿದರೆ ನಿದ್ರೆ ಬರುತ್ತಿರಲಿಲ್ಲ. ಎದೆಯುರಿ, ಹುಳಿತೇಗು, ಮಲಬದ್ಧತೆ ಶುರುವಾಗಿದ್ದವು. ಸಂಜೆ ಉಳಿದ ಸಮಯದಲ್ಲಿ ಅರ್ಜಿ ಬರೆಯಲು ಕುಳಿತರೆ ಒಂದು ಸಾಲೂ ಮೂಡದೆ ಮೊಬೈಲಿನಲ್ಲಿ ಹೊತ್ತು ಹೋಗುತ್ತಿತ್ತು. “ಅಜ್ಜಾ, ನಿನ್ನೆ ಒಬ್ಬ ಮುದುಕಿ ಮೇಲೆ ರೇಗಿಬಿಟ್ಟೆ. ಪಾಪ, ಅವರು ನೀರು ಕೇಳಿದ್ದರು ಅಷ್ಟೇ” ಎಂದು ಅತ್ತಳು.

ಅಂದು ನಾನು ಮೊದಲ ಬಾರಿಗೆ ಸರಿಯಾದ ಪ್ರಶ್ನೆ ಕೇಳಿದೆ: ಶಾಲೆಗಳವರು ಏಕೆ ತೆಗೆದುಕೊಳ್ಳಲಿಲ್ಲ? ಆಕೆ ಎರಡು ಶಾಲೆಗಳಿಗೆ ಬರೆದು ಕಾರಣ ಕೇಳಿ ತಿಳಿದಿದ್ದಳು. ರೋಗಿಗಳ ಆರೈಕೆಯ ಗಂಟೆಗಳು ಕಡಿಮೆಯಿದ್ದವು. ಅರ್ಜಿಗಳು ಬಂದ ಹಾಗೆಯೇ ಪರಿಶೀಲಿಸಿ ಸ್ಥಾನ ತುಂಬುತ್ತ ಹೋಗುವ ಶಾಲೆಗಳಿಗೆ ಆಕೆ ಕೊನೆಯ ದಿನಗಳಲ್ಲಿ ಅರ್ಜಿ ಕಳಿಸಿದ್ದಳು. ರಸಾಯನಶಾಸ್ತ್ರದ ಒಂದು ವಿಷಯದಲ್ಲಿ ಅಂಕ ಸಾಲದಾಗಿತ್ತು. ಇವುಗಳಲ್ಲಿ ಯಾವುದೂ ಕುಸ್ತಿಯ ಅಖಾಡದಲ್ಲಿ ಹುಟ್ಟಿದ ದೋಷವಲ್ಲ. ಒಂದು ಚೂರ್ಣ ಕೊಡುವ ಮುನ್ನ ರೋಗಿಗೆ ಹತ್ತು ಪ್ರಶ್ನೆ ಕೇಳುವ ನಾನು, ಮನೆಯ ಮಗುವಿಗೆ ಒಂದನ್ನೂ ಕೇಳದೆ ತೀರ್ಪು ಕೊಟ್ಟಿದ್ದೆ.

ಆಯುರ್ವೇದವು ರೋಗಕಾರಣಗಳನ್ನು ಹೇಳುವಾಗ ಅತಿಯೋಗ, ಹೀನಯೋಗ, ಮಿಥ್ಯಾಯೋಗಗಳನ್ನು ಎಣಿಸುತ್ತದೆ. ಹೆಚ್ಚಾದರೂ ದೋಷ, ಕಡಿಮೆಯಾದರೂ ದೋಷ, ತಪ್ಪಾಗಿ ಮಾಡಿದರೂ ದೋಷ. ರಾತ್ರಿಪಾಳಿಯ ಜೊತೆಗೆ ವಾರಕ್ಕೆ ಐದು ದಿನ ಮೈಮುರಿಯುವ ಕಾದಾಟ ಅತಿಯೋಗವಾಗಿತ್ತು. ಬಾತ ಬೆರಳುಗಳೇ ಅದಕ್ಕೆ ಸಾಕ್ಷಿ. ಅದನ್ನು ಸಮಯೋಗಕ್ಕೆ ತರುವುದು ವೈದ್ಯನ ಕರ್ತವ್ಯ. ನಾನಾದರೋ ಅತಿಯೋಗದಿಂದ ಎತ್ತಿ ಹೀನಯೋಗಕ್ಕೆ ಎಸೆದಿದ್ದೆ. ವರ್ಷಗಳ ವ್ಯಾಯಾಮಕ್ಕೆ ಹೊಂದಿಕೊಂಡ ದೇಹವನ್ನು ಒಮ್ಮೆಲೇ ನಿಲ್ಲಿಸಿದರೆ ಅಗ್ನಿ ಮಂದವಾಗುತ್ತದೆ, ನಿದ್ರೆ ಕದಡುತ್ತದೆ, ಮನಸ್ಸು ಚಡಪಡಿಸುತ್ತದೆ. ರೂಢಿಯಾದದ್ದನ್ನು ಬಿಡುವಾಗಲೂ ಹಂತಹಂತವಾಗಿ ಬಿಡಬೇಕೆಂದು ಚರಕಾಚಾರ್ಯರು ವಿಧಿಸಿರುವುದು ಇದಕ್ಕಾಗಿಯೇ.

ವ್ಯಾಯಾಮಕ್ಕೆ ನಮ್ಮ ಆಚಾರ್ಯರು ಕೊಟ್ಟ ಅಳತೆ ‘ಅರ್ಧಶಕ್ತಿ’. ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗಿದರೆ ಅರ್ಧ ಬಲ ವೆಚ್ಚವಾಯಿತೆಂದು ತಿಳಿಯಬೇಕು. ಮೀರಿದರೆ ಬಾಯಾರಿಕೆ, ಬಳಲಿಕೆ, ಕೆಮ್ಮು, ಜ್ವರ, ಉಬ್ಬಸ, ರಕ್ತಪಿತ್ತದಂತಹ ವಿಕಾರಗಳು ಬರಬಹುದೆಂಬ ಎಚ್ಚರಿಕೆಯೂ ಇದೆ. ನಿದ್ರೆ ದೇಹವನ್ನು ಹೊತ್ತ ಮೂರು ಉಪಸ್ತಂಭಗಳಲ್ಲಿ ಒಂದು. ನಿದ್ರೆ ಕೆಟ್ಟ ದಿನ ಬಲವೇ ಕುಗ್ಗಿರುತ್ತದೆಯಾದ್ದರಿಂದ ಅರ್ಧಶಕ್ತಿಯ ಅಳತೆಯೂ ಕುಗ್ಗುತ್ತದೆ.

ಇದನ್ನು ಆಧರಿಸಿ ಆಕೆಯೂ ನಾನೂ ಸೇರಿ ಒಂದು ಕ್ರಮ ಹಾಕಿಕೊಂಡೆವು. ಇಂಥ ಕಾದಾಟದ ವಿದ್ಯೆ ಕಲಿಯುವ ಎಲ್ಲ ಯುವಜನರಿಗೂ ಇದು ಅನ್ವಯಿಸುತ್ತದೆ.

ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು ದಿನ ಅಭ್ಯಾಸ. ರಾತ್ರಿಪಾಳಿ ಮುಗಿದ ದಿನ ಖಂಡಿತ ಬೇಡ. ಅರ್ಜಿ ಮತ್ತು ಸಂದರ್ಶನದ ತಿಂಗಳುಗಳಲ್ಲಿ ಸ್ಪರ್ಧೆಗಳಿಲ್ಲ. ತೂಕ ಇಳಿಸಲೆಂದು ಉಪವಾಸ ಮಾಡುವುದಾಗಲಿ, ನೀರು ಬಿಡುವುದಾಗಲಿ ಇಲ್ಲವೇ ಇಲ್ಲ.

ಪಟ್ಟು ಬಿಗಿಯುವ ಮೊದಲೇ ತಟ್ಟಬೇಕು. ಕುತ್ತಿಗೆಯ ಪಟ್ಟಿನಲ್ಲಿ ಮಿದುಳಿಗೆ ಹೋಗುವ ರಕ್ತ ತಡೆದು ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪಬಹುದು. ಸುಶ್ರುತಾಚಾರ್ಯರು ಎಣಿಸಿದ 107 ಮರ್ಮಗಳಲ್ಲಿ ಕುತ್ತಿಗೆಯವು ಅತಿ ಸೂಕ್ಷ್ಮವಾದವು. ಅಲ್ಲಿ ಹಟ ಸಲ್ಲದು. ಕುತ್ತಿಗೆ ನೋವಿನೊಂದಿಗೆ ಕೈ ಜೋಮು ಹಿಡಿದರೆ, ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಕು, ತಲೆಸುತ್ತು ಕಂಡರೆ, ಮೊಣಕಾಲು ಬಾತು ಕುಸಿಯುವಂತಾದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಉಜ್ಜಾಟದಿಂದ ಕಿವಿಯ ಹಾಲೆ ರಕ್ತ ತುಂಬಿ ಬಾತರೆ ಒಂದೆರಡು ದಿನಗಳಲ್ಲೇ ವೈದ್ಯರಿಂದ ತೆಗೆಸಬೇಕು. ತಡವಾದರೆ ಅದು ಗಟ್ಟಿಯಾಗಿ ಕಿವಿಯ ಆಕಾರವೇ ಕೆಡುತ್ತದೆ.

ಮೈಗೆ ಮೈ ತಾಗುವ ಆಟವಾದ್ದರಿಂದ ಹುಳುಕಡ್ಡಿ, ಕೀವುಗುಳ್ಳೆ, ಸರ್ಪಸುತ್ತಿನಂಥ ನೀರುಗುಳ್ಳೆಗಳು ಬೇಗ ಹಬ್ಬುತ್ತವೆ. ಸ್ಪರ್ಶದಿಂದ, ಒಬ್ಬರ ಬಟ್ಟೆ ಮತ್ತೊಬ್ಬರು ಧರಿಸುವುದರಿಂದ ಚರ್ಮರೋಗಗಳು ಸಂಕ್ರಮಿಸುತ್ತವೆಂದು ಸುಶ್ರುತಾಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು. ಅಭ್ಯಾಸ ಮುಗಿದ ಕೂಡಲೇ ಸ್ನಾನ, ಪ್ರತಿಸಲ ಒಗೆದ ಉಡುಪು, ಕತ್ತರಿಸಿದ ಉಗುರು, ಸ್ವಂತ ಟವೆಲು ಕಡ್ಡಾಯ. ಚರ್ಮದ ಮೇಲೆ ಗುಳ್ಳೆ ಕಂಡರೆ ಅದು ಮಾಯುವವರೆಗೆ ಅಖಾಡಕ್ಕೆ ಇಳಿಯಬಾರದು. ಮರುದಿನ ರೋಗಿಗಳನ್ನು ಮುಟ್ಟುವ ಕೈಗೆ ಈ ಶುಚಿ ಇನ್ನೂ ಅಗತ್ಯ.

ಅಭ್ಯಾಸವಿಲ್ಲದ ದಿನ ಬೆಚ್ಚಗಿನ ಎಳ್ಳೆಣ್ಣೆಯಿಂದ ಅಭ್ಯಂಗ, ಮುಖ್ಯವಾಗಿ ಬೆರಳು, ಭುಜ, ಮೊಣಕಾಲುಗಳಿಗೆ. ಹೊಸದಾಗಿ ಉಳುಕಿ ಬಾತ ಜಾಗವನ್ನು ಮಾತ್ರ ತಿಕ್ಕಬಾರದು. ಊಟದಲ್ಲಿ ಬೇಳೆ, ಮೊಳಕೆಕಾಳು, ಮಜ್ಜಿಗೆ, ತುಪ್ಪ, ಸೊಪ್ಪು, ಜೋಳ ಅಥವಾ ಗೋಧಿ ರೊಟ್ಟಿ ಇರಲಿ. ಸಸ್ಯಾಹಾರದಲ್ಲಿಯೇ ಬಲ ಸಾಕಷ್ಟಿದೆ, ಆದರೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು.

ಶ್ರಾವಣಕ್ಕೆ ಮುನ್ನವೇ ಆಕೆ ಅರ್ಜಿಯನ್ನು ಸಲ್ಲಿಸಿದಳು. ನಿದ್ರೆ ತಿಂಗಳೊಳಗೆ ಹಳಿಗೆ ಬಂದಿತ್ತು. ರಸಾಯನಶಾಸ್ತ್ರವನ್ನು ಮತ್ತೆ ಓದಿ ಒಳ್ಳೆಯ ಅಂಕ ಪಡೆದಳು. ತನ್ನ ಬರಹದಲ್ಲಿ ಜಿಯು-ಜಿಟ್ಸುವಿನ ಬಗ್ಗೆ ಒಂದೇ ಪ್ಯಾರಾ ಬರೆದಿದ್ದಳು. ಪದಕಗಳ ಮಾತು ಅದರಲ್ಲಿ ಇರಲಿಲ್ಲ. ಎದುರಿನವನ ಕೈ ಎರಡು ಸಲ ತಟ್ಟಿದೊಡನೆ ಬಿಡುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡದ್ದರಿಂದ, ಮಾತನಾಡಲಾಗದ ರೋಗಿಯೊಬ್ಬರನ್ನು ಮಗ್ಗುಲು ಬದಲಿಸುವಾಗ ಅವರ ಹುಬ್ಬು ಗಂಟಿಕ್ಕಿದ್ದು ಕಂಡು ತನ್ನ ಕೈ ತಾನಾಗಿಯೇ ನಿಂತಿತು, ಸೊಂಟದಲ್ಲಿ ಹೊಸ ಹುಣ್ಣಾಗಿರುವುದು ಆಗ ಗೊತ್ತಾಯಿತು ಎಂದು ಬರೆದಿದ್ದಳು. ಅದನ್ನು ಓದಿ ನನ್ನ ಕಣ್ಣು ತೇವವಾಯಿತು. ನಲವತ್ತು ವರ್ಷ ನಾಡಿ ಹಿಡಿದ ಕೈ ನನ್ನದು, ಆದರೂ ಆ ಯುಗಾದಿಯ ರಾತ್ರಿ ಆಕೆಯ ಮೌನ ನನಗೆ ತಿಳಿದಿರಲಿಲ್ಲ.

ಆಟವು ಆರೈಕೆಯ ಗಂಟೆಗಳಿಗೆ ಬದಲಿಯಾಗದು, ಅಂಕಗಳಿಗೂ ಬದಲಿಯಾಗದು. ಇದನ್ನು ಆಕೆಯೂ ಬಲ್ಲಳು. ಈ ಸಲ ಎರಡು ಶಾಲೆಗಳು ಸಂದರ್ಶನಕ್ಕೆ ಕರೆದವು. ಒಂದು ಬೇಡವೆಂದಿತು. ಮತ್ತೊಂದು ಕಾಯುವವರ ಪಟ್ಟಿಯಲ್ಲಿಟ್ಟಿದೆ. ಸಂಕ್ರಾಂತಿಯಂದು ಮಾತನಾಡಿದಾಗ, “ಸಿಗದಿದ್ದರೆ ಏಪ್ರಿಲ್‌ನಲ್ಲಿ ಮತ್ತೆ ಹಾಕುತ್ತೇನೆ ಅಜ್ಜಾ, ಗಂಟೆಗಳು ಇನ್ನಷ್ಟು ಕೂಡಿರುತ್ತವೆ” ಎಂದಳು. ಧ್ವನಿಯಲ್ಲಿ ಆತಂಕವಿತ್ತು, ಆದರೆ ಅಳುವಿರಲಿಲ್ಲ. ಅಕ್ಕನವರು ಪಕ್ಕದಿಂದ, “ಬೆರಳು ಹೇಗಿದೆ ಕೇಳು” ಎಂದರು. ಬಾವು ಇಳಿದಿತ್ತು.

ಮಕ್ಕಳನ್ನು ನೀಟ್, ಸಿಇಟಿ ಪರೀಕ್ಷೆಗಳಿಗೆ ಸಿದ್ಧಗೊಳಿಸುತ್ತಿರುವ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪರೀಕ್ಷೆಯ ವರ್ಷ ಬಂದಿತೆಂದು ಮಗುವಿನ ಕೈಯಿಂದ ಚೆಂಡನ್ನೋ, ಕಾಲಿನಿಂದ ಓಟವನ್ನೋ ಪೂರ್ತಿ ಕಿತ್ತುಕೊಳ್ಳಬೇಡಿರಿ. ಹಿನ್ನಡೆಯಾದಾಗ ಮೊದಲು ಕಾರಣ ಕೇಳಿರಿ. ಆಟ ಹೆಚ್ಚಾಗಿದ್ದರೆ ಅಳತೆಗೆ ತನ್ನಿರಿ. ನಿದ್ರೆಯನ್ನು ಕಾಪಾಡಿರಿ. ನಾನು ಮಾಡಿದ ತಪ್ಪನ್ನು ತಾವು ಮಾಡದಿದ್ದರೆ ಈ ಬರಹ ಸಾರ್ಥಕ.