ತೂಗುಚಾವಣಿಯೂ ಅದರ ಉಪಯೋಗಗಳೂ

ಮಳೆಬಿಸಿಲಿಗೆ ಮಾಡು ಇದ್ದೇ ಇದೆ. ಅದರ ಕೆಳಗೆ ಇನ್ನೊಂದು ಚಾವಣಿಯೇಕೆ? ಪ್ರಶ್ನೆ ಸಹಜವಾದುದು. ಮಾಡಿನ ತೊಲೆಗಳಿಂದ ತಂತಿಗಳನ್ನು ಇಳಿಬಿಟ್ಟು, ಅವಕ್ಕೆ ಲೋಹದ ಪಟ್ಟಿಗಳ ಚೌಕಟ್ಟನ್ನು ಬಿಗಿದು, ಅದರಲ್ಲಿ ಹಗುರವಾದ ಹಲಗೆಗಳನ್ನು ಕೂಡಿಸಿದರೆ ಅದೇ ತೂಗುಚಾವಣಿ. ಜನರು ಇದನ್ನು ಫಾಲ್ಸ್ ಸೀಲಿಂಗ್ ಎನ್ನುವರು. ಬೆಳಗಾವಿಯ ಅಂಗಡಿಗಳಲ್ಲಿ ಇದನ್ನು ಅಂದಕ್ಕಾಗಿ ಹಾಕಿಸುವವರೇ ಹೆಚ್ಚು. ಆದರೆ ಇದರ ಪ್ರಯೋಜನ ಅಂದವೊಂದೇ ಅಲ್ಲ.

ಮೊದಲನೆಯದು ತಂಪು. ಬಿಸಿಲಿಗೆ ಕಾದ ತಗಡು ಕೆಳಗಿದ್ದವರ ಮೇಲೆ ನೇರವಾಗಿ ಶಾಖವನ್ನು ಸೂಸುತ್ತದೆ. ಹಲಗೆ ಅಡ್ಡವಾದರೆ ಆ ಶಾಖಕ್ಕೆ ತಡೆಯುಂಟಾಗುತ್ತದೆ; ನಡುವಿನ ಗಾಳಿಯೂ ಅದನ್ನು ಬೇಗನೆ ಸಾಗಗೊಡದು. ಎರಡನೆಯದು, ವಿದ್ಯುತ್ ತಂತಿಗಳೂ ಕೊಳವೆಗಳೂ ಮರೆಯಾಗುವವು; ಹಂಚಿನ ಸಂದಿನಿಂದ ಉದುರುವ ಧೂಳೂ ತಪ್ಪುವುದು.

ಮೂರನೆಯದೇ ನಮಗೆ ಮುಖ್ಯವಾದುದು. ಖಾನಾಪುರದ ಮುಂಗಾರನ್ನು ಬಲ್ಲವರಿಗೆ ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಬಣ್ಣಿಸಬೇಕಾಗಿಲ್ಲ. ಹನಿ ಬಿದ್ದಾಗ ತೆಳು ತಗಡು ಕಂಪಿಸಿ ನಗಾರಿಯಂತೆ ಮೊಳಗುತ್ತದೆ. ಗುರುಗಳ ಮಾತು ಮುಂದಿನ ಸಾಲನ್ನೂ ಮುಟ್ಟದು. ಮನೆಯಲ್ಲಿ ಓದಿ ಹೇಳುವವರಿಲ್ಲದ ವಿದ್ಯಾರ್ಥಿಗೆ ತರಗತಿಯಲ್ಲಿ ಕಿವಿಗೆ ಬಿದ್ದುದೇ ಆಸ್ತಿಯಲ್ಲವೇ? ತೂಗುಚಾವಣಿಯು ಈ ಸದ್ದನ್ನು ಸಾಕಷ್ಟು ತಗ್ಗಿಸುತ್ತದೆ. ಹಲಗೆ ಸಣ್ಣ ರಂಧ್ರಗಳುಳ್ಳದ್ದಾದರೆ ಕೋಣೆಯೊಳಗಿನ ಪ್ರತಿಧ್ವನಿಯನ್ನೂ ಹೀರಿಕೊಳ್ಳುತ್ತದೆ.

ಆದರೆ ಬಯಲುಸೀಮೆಗೆ ಒಪ್ಪುವ ವಸ್ತು ಮಲಪ್ರಭೆ ಹುಟ್ಟುವ ಈ ಮಲೆನಾಡ ಸೆರಗಿಗೆ ಒಪ್ಪಬೇಕೆಂದಿಲ್ಲ. ಜಿಪ್ಸಮ್ ಹಲಗೆ ಬೇಗನೆ ಬೆಂಕಿಗೆ ಸೋಲದು. ಅದರ ತೂಕದ ಸುಮಾರು ಐದನೆಯ ಒಂದು ಪಾಲು ಜಿಪ್ಸಮ್ಮಿನಲ್ಲಿಯೇ ಬೆರೆತ ನೀರು. ಆದರೆ ಸೋರುವ ನೀರಿಗೆ ಅದು ಮೆತ್ತಗಾಗಿ ಕಳಚಿಬೀಳುವುದು. ಥರ್ಮೋಕೋಲ್ ಅಗ್ಗವಾದರೂ ಬೆಂಕಿ ತಗುಲಿದರೆ ದಟ್ಟ ಹೊಗೆಯುಗುಳುವುದು. ನಮ್ಮ ಕಾಡಿನ ಬಿದಿರಿನಿಂದ ಹೆಣೆದ ಚಾಪೆ ಹಗುರವೂ ಸುಲಭವೂ ಹೌದು. ಹುಳು, ಬೆಂಕಿಗಳ ಭಯಕ್ಕೆ ತಕ್ಕ ಲೇಪ ಬೇಕು.

ಯಾವುದನ್ನೇ ಹಾಕಿಸಲಿ, ಮೂರು ಎಚ್ಚರಗಳು ಅಗತ್ಯ. ಮೊದಲು ಮಾಡಿನ ಸೋರಿಕೆಯನ್ನು ನಿಲ್ಲಿಸಬೇಕು. ಮರೆಯಾದ ಸೋರಿಕೆ ತೊಲೆಯನ್ನೇ ಕೊಳೆಯಿಸುವುದು. ಗಾಳಿಯಾಡಲು, ಆಳು ಹತ್ತಿ ನೋಡಲು ಕಿಂಡಿಗಳಿರಬೇಕು. ಫ್ಯಾನನ್ನು ತೊಲೆಗೇ ತೂಗುಹಾಕಬೇಕು. ಹಲಗೆಗೆ ಎಂದೂ ಅಲ್ಲ.

ತೂಗುಚಾವಣಿಯನ್ನು ಶ್ರೀಮಂತರ ಅಲಂಕಾರವೆಂದು ಬದಿಗಿಡುವುದು ಸರಿಯಲ್ಲ. ಅಂಗಡಿಗಿಂತ ಮೊದಲು ಅದು ತಗಡಿನ ಮಾಡಿನ ತರಗತಿಗೆ ಬೇಕು. ಶಾಲಾ ಕಟ್ಟಡಗಳ ಯೋಜನೆಯಲ್ಲಿ ಗೋಡೆ, ನೆಲಗಳ ಜೊತೆಗೆ ಕಿವಿಯ ಲೆಕ್ಕವೂ ಸೇರಲಿ.