ಹದಿನಾರು ಜಿಬಿಯಲ್ಲಿ ಎಷ್ಟು ಎಲೆ?

8 ಜಿಬಿ ರ‍್ಯಾಮ್ ಇದ್ದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಎರಡು ವರ್ಚುವಲ್ ಮಶೀನ್ ಹಾಕಿದ್ದೆ, ಒಂದೊಂದಕ್ಕೆ 3 ಜಿಬಿ. ಇನ್ನೂ 2 ಜಿಬಿ ಉಳಿಯಿತಲ್ಲ ಎಂದು ನಿಶ್ಚಿಂತೆಯಿಂದಿದ್ದೆ. ಬ್ರೌಸರಿನಲ್ಲಿ ಏಳೆಂಟು ಟ್ಯಾಬ್ ತೆರೆದದ್ದೇ ತಡ, ಮೌಸಿನ ಬಾಣ ಪರದೆಯ ನಡುವೆ ಗಕ್ಕನೆ ನಿಂತುಬಿಟ್ಟಿತು. ಹಾರ್ಡ್‌ಡಿಸ್ಕಿನ ಪುಟ್ಟ ದೀಪ ಮಾತ್ರ ಬಿಡುವಿಲ್ಲದೆ ಮಿಣುಕುತ್ತಿತ್ತು.

ಕಂಪ್ಯೂಟರೊಳಗೆ ಸಾಫ್ಟ್‌ವೇರಿನಿಂದಲೇ ಇನ್ನೊಂದು ಕಂಪ್ಯೂಟರನ್ನು ಕಟ್ಟಿ ನಿಲ್ಲಿಸಿದರೆ ಅದೇ ವರ್ಚುವಲ್ ಮಶೀನ್. ಇದು ಹೊಸದೇನಲ್ಲ; ಇಂಥ ಮಶೀನುಗಳನ್ನು ನಡೆಸುವ ವಿಎಂ/370 ಅನ್ನು ಐಬಿಎಂ 1972ರಲ್ಲೇ ಹೊರತಂದಿತ್ತು. ಇಂಥ ಅತಿಥಿ ಮಶೀನುಗಳಿಗೆ ಯಂತ್ರದ ಶಕ್ತಿಯನ್ನು ಹಂಚಿಕೊಡುವ ತಂತ್ರಾಂಶವೇ ಹೈಪರ್‌ವೈಸರ್.

ಹಂಚುವುದರಲ್ಲಿ ಪ್ರೊಸೆಸರಿನ ರೀತಿ ಬೇರೆ, ಮೆಮೊರಿಯ ರೀತಿ ಬೇರೆ. ಮದುವೆ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಬಡಿಸುವವನು ಒಬ್ಬನೇ ಆದರೂ ಪಂಕ್ತಿಯುದ್ದಕ್ಕೂ ಓಡಾಡಿ ಎಲ್ಲರಿಗೂ ಬಡಿಸಬಲ್ಲ, ತುಸು ತಡವಾಗುತ್ತದೆ ಅಷ್ಟೆ. ಪ್ರೊಸೆಸರ್ ಹಾಗೆ. ಎಲೆ ಹಾಕಲು ಮಾತ್ರ ಒಬ್ಬೊಬ್ಬರಿಗೂ ನೆಲ ಬೇಕೇ ಬೇಕು. ರ‍್ಯಾಮ್ ಆ ನೆಲ.

ನೆಲ ಸಾಲದಾದಾಗ ಆಪರೇಟಿಂಗ್ ಸಿಸ್ಟಂ ಮೆಮೊರಿಯ ಸಣ್ಣ ತುಂಡುಗಳಾದ ಕೆಲವು ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಇದೇ ಸ್ವಾಪ್. ರ‍್ಯಾಮಿನಿಂದ ಓದಲು ಸುಮಾರು 100 ನ್ಯಾನೊಸೆಕೆಂಡ್ ಸಾಕು; ತಿರುಗುವ ಹಾರ್ಡ್‌ಡಿಸ್ಕಿಗೆ ಹತ್ತಿರಹತ್ತಿರ 10 ಮಿಲಿಸೆಕೆಂಡ್, ಅಂದರೆ ಲಕ್ಷ ಪಟ್ಟು. ಮೊದಲನೆಯದನ್ನು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ ಎರಡನೆಯದಕ್ಕೆ ಒಂದು ದಿನವೂ ಮೀರುತ್ತದೆ. ನನ್ನ ಬಾಣ ನಿಂತದ್ದು ಇದಕ್ಕೇ.

ಹಾಗಾದರೆ ಎಷ್ಟು ಕೊಡಬೇಕು? 3 ಜಿಬಿ ಎಂದರೆ 4 ಕೆಬಿಯ 7,86,432 ಪುಟಗಳು. ಅಷ್ಟನ್ನೂ ಒಂದೇ ಹೊತ್ತಿಗೆ ಯಾವುದೇ ಪ್ರೋಗ್ರಾಮ್ ಮುಟ್ಟುತ್ತಿರುವುದು ಅಪರೂಪ. ಸದ್ಯ ಕೈಯಾಡುತ್ತಿರುವ ಪುಟಗಳ ಗುಂಪಿಗೆ ಪೀಟರ್ ಡೆನ್ನಿಂಗ್ 1968ರಲ್ಲಿ ‘ವರ್ಕಿಂಗ್ ಸೆಟ್’ ಎಂದು ಹೆಸರಿಟ್ಟರು. ಅಳೆಯಬೇಕಾದದ್ದು ಅದನ್ನು, ಅದೂ ಕೆಲಸ ಜೋರಾಗಿರುವ ಹೊತ್ತಿನಲ್ಲಿ. ಲಿನಕ್ಸಿನ ‘ಫ್ರೀ’ ಕಮಾಂಡಿನಲ್ಲಿ ‘ಅವೇಲೇಬಲ್’ ಎಂಬ ಕಾಲಂ ನೋಡಿ. ಅಲ್ಲೇ ಇರುವ ‘ಫ್ರೀ’ ಕಾಲಂ ನೋಡಿ ಗಾಬರಿಯಾಗಬೇಡಿ. ಖಾಲಿ ಬಿದ್ದ ರ‍್ಯಾಮಿನಲ್ಲಿ ಲಿನಕ್ಸ್ ಡಿಸ್ಕಿನ ಫೈಲುಗಳನ್ನು ಇಟ್ಟುಕೊಂಡಿರುತ್ತದೆ, ಕೇಳಿದರೆ ಬಿಟ್ಟುಕೊಡುತ್ತದೆ. ಹೀಗೆ ಅಳೆದಾಗ ನನ್ನ ಎರಡು ಮಶೀನುಗಳಲ್ಲಿ ಡೇಟಾಬೇಸ್ ಇದ್ದದ್ದು 700 ಎಂಬಿ ದಾಟಿರಲೇ ಇಲ್ಲ. ಅದಕ್ಕೆ 1 ಜಿಬಿ ಮಾಡಿದೆ, ಇನ್ನೊಂದಕ್ಕೆ 2. ಬಾಣ ಸಲೀಸಾಗಿ ಓಡಾಡಿತು.

16 ಜಿಬಿ ಇದ್ದವರಿಗೆ ನಾನು ಹೇಳುವ ಲೆಕ್ಕ ಇಷ್ಟು: ಮೊದಲು 4 ಜಿಬಿ ಆತಿಥೇಯ ಯಂತ್ರಕ್ಕೇ ತೆಗೆದಿಡಿ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠವೇ 4 ಜಿಬಿ. ಡೆಸ್ಕ್‌ಟಾಪ್ ಇಲ್ಲದ ಸಣ್ಣ ಲಿನಕ್ಸ್ ಸರ್ವರಿಗೆ 1 ಜಿಬಿಯೂ ಸಾಕಾಗುವುದುಂಟು. ಒಂದಿಷ್ಟು ಹಂಚದೆ ಕೈಯಲ್ಲಿಟ್ಟುಕೊಳ್ಳಿ.

ದೊಡ್ಡ ಸರ್ವರುಗಳಲ್ಲಿ ಇರುವುದಕ್ಕಿಂತ ಹೆಚ್ಚು ಹಂಚುವ ರೂಢಿಯೂ ಇದೆ. ಎಲ್ಲರೂ ಒಟ್ಟಿಗೆ ಕೇಳಲಾರರು ಎಂಬ ಧೈರ್ಯ ಅದಕ್ಕೆ. ಕೇಳಿಬಿಟ್ಟರೆ? ಯಾರಿಂದಲಾದರೂ ಪುಟಗಳನ್ನು ಹಿಂಪಡೆಯಬೇಕು. ಆದರೆ ಅತಿಥಿಯ ಯಾವ ಪುಟ ಬೇಕಾದದ್ದು, ಯಾವುದು ಬೇಡದ್ದು ಎಂಬುದು ಹೊರಗಿನ ಹೈಪರ್‌ವೈಸರಿಗೆ ತಿಳಿಯದು. ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ವಿವರಿಸಿದ ಉಪಾಯ ನನಗೆ ಬಲು ಇಷ್ಟ. ಅತಿಥಿಯೊಳಗೆ ‘ಬಲೂನ್’ ಎಂಬ ಪುಟ್ಟ ಡ್ರೈವರ್ ಕೂತಿರುತ್ತದೆ. ನೆಲ ಸಾಲದಾದಾಗ ಹೈಪರ್‌ವೈಸರ್ ಅದನ್ನು ಉಬ್ಬಿಸುತ್ತದೆ. ಉಬ್ಬುವುದೆಂದರೆ ಬಲೂನು ತನ್ನ ಅತಿಥಿಯ ಬಳಿಯೇ ಮೆಮೊರಿ ಕೇಳುತ್ತ ಹೋಗುವುದು. ಅತಿಥಿ ತನಗೆ ಸದ್ಯ ಬೇಡದ ಪುಟಗಳನ್ನು ತಾನೇ ಆರಿಸಿ ಕೊಡುತ್ತದೆ. ಬಲೂನು ಅವನ್ನು ಬಳಸುವುದಿಲ್ಲ, ಅವು ಯಾವುವೆಂದು ಹೊರಗೆ ತಿಳಿಸುತ್ತದೆ. ಆ ನೆಲ ಹಸಿದ ಇನ್ನೊಂದು ಮಶೀನಿಗೆ ಸಲ್ಲುತ್ತದೆ. ಅತಿಯಾಗಿ ಉಬ್ಬಿಸಿದರೆ ಅತಿಥಿಯೂ ಸ್ವಾಪಿಗೆ ಇಳಿಯುತ್ತದೆ, ಅದಕ್ಕೊಂದು ಮಿತಿ ಬೇಕು.

ಇನ್ನೊಂದು ದಾರಿ, ಒಂದೇ ತೆರನಾದ ಪುಟಗಳ ಒಂದೇ ಪ್ರತಿ ಇಟ್ಟು ಎಲ್ಲರಿಗೂ ಅದನ್ನೇ ತೋರಿಸುವುದು. ಲಿನಕ್ಸಿಗೆ 2009ರಲ್ಲಿ ಇದು ಬಂದಾಗ, 16 ಜಿಬಿಯ ಸರ್ವರಿನಲ್ಲಿ ತಲಾ 1 ಜಿಬಿಯ 52 ವಿಂಡೋಸ್ ಎಕ್ಸ್‌ಪಿ ಮಶೀನುಗಳು ನಡೆದವು. ಆದರೆ ಹಂಚಿಕೊಂಡ ಪುಟಕ್ಕೆ ಯಾರಾದರೂ ಬರೆಯಹೋದರೆ ಹೊಸ ಪ್ರತಿ ಮಾಡಬೇಕು, ಅದಕ್ಕೆ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಆ ತಡವನ್ನು ಅಳೆದೇ ಪಕ್ಕದ ಮಶೀನಿನಲ್ಲಿ ಏನಿದೆ ಎಂದು ಊಹಿಸಬಹುದು. ಇಂಥ ಅಪಾಯ ಕಂಡು ವಿಎಂವೇರ್ 2014ರಲ್ಲಿ ಮಶೀನುಗಳ ನಡುವಿನ ಹಂಚಿಕೆ ತಾನಾಗಿ ನಡೆಯದಂತೆ ಮಾಡಿತು. ಬೇರೆಬೇರೆ ಗಿರಾಕಿಗಳ ಮಶೀನುಗಳು ಒಂದೇ ಸರ್ವರಿನಲ್ಲಿರುವ ಕಡೆ ಆ 52ರ ಲೆಕ್ಕ ಹಿಡಿಯುವಂತಿಲ್ಲ. ಅಲ್ಲಿ ಒಬ್ಬೊಬ್ಬರಿಗೂ ಅವರದೇ ಎಲೆ ಹಾಕಬೇಕು.